ಶಾಲೆ ಬಿಟ್ಟ ಮೇಲೆ ಮಗುವನ್ನು ಯಾವ ಕ್ಲಾಸಿಗೆ ಸೇರಿಸೋಣ? ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತು ಅಂದರೆ ನಮ್ಮ ಬೀದಿಯ ಕರೆಂಟು ಕಂಬಗಳಿಗೆಲ್ಲ ಪಾಂಪ್ಲೆಟ್ ಅಂಟಿರುತ್ತೆ. ಅಬಾಕಸ್, ಕರಾಟೆ, ಕೀಬೋರ್ಡ್, ಭರತನಾಟ್ಯ, ಒಂದರಿಂದ ಹತ್ತನೇ ತರಗತಿವರೆಗೆ ಎಲ್ಲ ವಿಷಯಕ್ಕೂ ಟ್ಯೂಷನ್. ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಮಗಳು ಈಗ ಒಂಬತ್ತನೇ ತರಗತಿ, ಮಗ ಐದನೇದು. ಎಂಟು ವರ್ಷದಲ್ಲಿ ಡೇ ಕೇರ್, ನಾಟ್ಯ, ಈಜು, ಕೋಡಿಂಗ್, ಟ್ಯೂಷನ್ ಎಲ್ಲದರ ಬಾಗಿಲನ್ನೂ ತಟ್ಟಿದ್ದೇವೆ. ಹಾಗಾಗಿ ಪಕ್ಕದ ಮನೆಯವರು, ಶಾಲೆಯ ವಾಟ್ಸಾಪ್ ಗುಂಪಿನ ಅಮ್ಮಂದಿರು, ಊರಿನಿಂದ ಫೋನ್ ಮಾಡುವ ತಂಗಿ, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ.

ಎಲ್ಲಿಂದ ಶುರು ಮಾಡಬೇಕು?

ಎಲ್ಲರೂ ಮೊದಲು ‘ಏನು ಕಲಿಸೋಣ’ ಅಂತ ಕೇಳುತ್ತಾರೆ. ನಾನು ಮೊದಲು ಮಗುವಿನ ಸಂಜೆ ಹೇಗಿದೆ ಅಂತ ಕೇಳುತ್ತೇನೆ. ಒಂದು ಹಾಳೆ ತೆಗೆದುಕೊಂಡು ಮಗುವಿನ ದಿನವನ್ನು ಗಂಟೆ ಪ್ರಕಾರ ಬರೆಯಿರಿ. ನನ್ನ ಮಗನದ್ದು ಹೀಗಿದೆ: 3.20ಕ್ಕೆ ಶಾಲೆ ಬಿಡುತ್ತೆ. ವ್ಯಾನು ಮನೆ ಮುಂದೆ ನಿಲ್ಲುವಾಗ 4.10. ಕೈಕಾಲು ತೊಳೆದು ತಿಂಡಿ ತಿಂದು ಮುಗಿಸುವಾಗ 4.45. ಹೋಂವರ್ಕ್ ಮುಕ್ಕಾಲು ಗಂಟೆ. ರಾತ್ರಿ ಎಂಟಕ್ಕೆ ಊಟ, ಒಂಬತ್ತಕ್ಕೆ ಹಾಸಿಗೆ.

ಒಂಬತ್ತಕ್ಕೆ ಯಾಕೆ ಅಂದರೆ, 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ದೆಯ ತಜ್ಞರು. ಅವನು ಬೆಳಿಗ್ಗೆ 6.15ಕ್ಕೆ ಏಳಬೇಕು. ಇನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಡಾಟ, ಕುಣಿದಾಟ, ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು. ಇವನ್ನೆಲ್ಲ ಕಳೆದರೆ ನಮ್ಮ ಹಾಳೆಯಲ್ಲಿ ಉಳಿದದ್ದು ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯಲ್ಲಿ ಏನು ಹಿಡಿಸುತ್ತೋ ಅದೇ ನಮ್ಮ ಆಯ್ಕೆ. ಈ ಲೆಕ್ಕ ಹಾಕದೆ ದುಡ್ಡು ಕಟ್ಟಿದ ಕ್ಲಾಸುಗಳೆಲ್ಲ ನಮ್ಮ ಮನೆಯಲ್ಲಿ ಮೂರೇ ತಿಂಗಳಲ್ಲಿ ನಿಂತುಹೋಗಿವೆ.

ಯಾವ ವಯಸ್ಸಿಗೆ ಸೇರಿಸಬೇಕು?

ಐದು ವರ್ಷದ ಒಳಗೆ ಯಾವುದೂ ಬೇಡ. ಮಣ್ಣು, ನೀರು, ಕಥೆ, ನಿದ್ದೆ ಸಾಕು. ಆರೇಳು ವರ್ಷಕ್ಕೆ ಮೈ ಬಳಸುವ ಯಾವುದಾದರೂ ಒಂದು: ಈಜು, ಕುಣಿತ, ಓಟ. ಕೂತು ಕಲಿಯುವ ವಾದ್ಯ, ಚೆಸ್ ಇಂಥವನ್ನು ಮಗು ತಾನಾಗಿ ಅರ್ಧ ಗಂಟೆ ಒಂದು ಕಡೆ ಕೂರುವುದನ್ನು ನೋಡಿದ ಮೇಲೆ ಶುರು ಮಾಡಿ. ಕೆಲವರಿಗೆ ಅದು ಏಳಕ್ಕೇ ಬರುತ್ತೆ, ಕೆಲವರಿಗೆ ಹತ್ತಕ್ಕೆ. ಪಕ್ಕದ ಮನೆ ಮಗು ಯಾವಾಗ ಶುರು ಮಾಡಿತು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಎಷ್ಟು ಕ್ಲಾಸಿಗೆ ಹಾಕಬಹುದು?

ಪ್ರಾಥಮಿಕ ಶಾಲೆಯ ಮಗುವಿಗೆ ಒಂದು. ಜಾಸ್ತಿ ಅಂದರೆ ಎರಡು, ಅದೂ ಎರಡರಲ್ಲಿ ಒಂದು ಆಟವಾಗಿರಬೇಕು. ವಾರದಲ್ಲಿ ಕನಿಷ್ಠ ಎರಡು ಸಂಜೆ ಪೂರ್ತಿ ಖಾಲಿ ಇರಲಿ. ಸೋಮವಾರ ಸಂಗೀತ, ಮಂಗಳವಾರ ಅಬಾಕಸ್, ಬುಧವಾರ ಕರಾಟೆ ಅಂತ ಏಳೂ ದಿನ ತುಂಬಿಸಿದ ಟೈಮ್‌ಟೇಬಲ್‌ಗಳನ್ನು ಫ್ರಿಜ್ಜಿನ ಮೇಲೆ ಅಂಟಿಸಿದ ಮನೆಗಳನ್ನು ನೋಡಿದ್ದೇನೆ. ಅಂಥ ಮನೆಯ ಮಕ್ಕಳು ಆಟೋದಲ್ಲೇ ತಿಂದು ಆಟೋದಲ್ಲೇ ತೂಕಡಿಸುತ್ತಾರೆ. ನೋಡಿದರೆ ಕರುಳು ಚುರ್ ಅನ್ನುತ್ತೆ.

ಮನೆ ಹತ್ತಿರದ ಸಾಧಾರಣ ಕ್ಲಾಸು ಒಳ್ಳೆಯದೋ, ದೂರದ ಹೆಸರುವಾಸಿ ಕ್ಲಾಸೋ?

ಹತ್ತು ವರ್ಷದ ಒಳಗಿನ ಮಗುವಿಗೆ ಹತ್ತಿರದ್ದೇ, ಕಣ್ಣು ಮುಚ್ಚಿಕೊಂಡು.

ಮಗಳು ಎರಡನೇ ತರಗತಿಯಲ್ಲಿದ್ದಾಗ ಅವಳನ್ನು ತುಂಬ ಹೆಸರಿದ್ದ ನಾಟ್ಯ ಶಾಲೆಯೊಂದಕ್ಕೆ ಸೇರಿಸಿದೆವು. ಕಲಿಸುತ್ತಿದ್ದದ್ದು ಚೆನ್ನಾಗಿಯೇ. ಆದರೆ ಹೋಗಲು ಮುಕ್ಕಾಲು ಗಂಟೆ, ಬರಲು ಒಂದು ಗಂಟೆ. ಸಂಜೆ ಆರರ ಟ್ರಾಫಿಕ್ಕು, ಸ್ಕೂಟರ್ ಹಿಂದೆ ಕೂತ ಏಳು ವರ್ಷದ ಮಗು, ಅವಳ ಹಣೆ ನನ್ನ ಬೆನ್ನಿಗೆ ಒರಗಿಕೊಂಡು ನಿದ್ದೆ. ಒಂದು ಕೈಯಲ್ಲಿ ಅವಳನ್ನು ಹಿಂದಕ್ಕೆ ಹಿಡಿದುಕೊಂಡೇ ಗಾಡಿ ಓಡಿಸಿದ ದಿನ ಮನೆಗೆ ಬಂದು ಅತ್ತುಬಿಟ್ಟೆ. ಮರುದಿನವೇ ಬಿಡಿಸಿದೆವು. ಆಮೇಲೆ ಎರಡು ಬೀದಿ ಆಚೆ, ಮನೆಯ ಮಹಡಿಯಲ್ಲಿ ಕಲಿಸುವ ಒಬ್ಬರು ಮಿಸ್ಸು ಸಿಕ್ಕರು. ಈಗ ಏಳನೇ ವರ್ಷ, ಇನ್ನೂ ಅಲ್ಲೇ ಕಲಿಯುತ್ತಿದ್ದಾಳೆ. ನಡೆದುಕೊಂಡೇ ಹೋಗುತ್ತಾಳೆ, ಬರುವಾಗ ಗೆಳತಿಯರ ಜೊತೆ ಹರಟುತ್ತಾ ಬರುತ್ತಾಳೆ.

ಮಗು ಹನ್ನೆರಡು ಹದಿಮೂರು ದಾಟಿ, ತಾನೇ ‘ನಂಗೆ ಇದು ಬೇಕು’ ಅಂತ ಹಟ ಹಿಡಿದರೆ ದೂರದ ಗುರುಗಳನ್ನು ಹುಡುಕಿ. ಆಗ ಆ ದಾರಿ ಅವರಿಗೆ ಭಾರ ಅನ್ನಿಸುವುದಿಲ್ಲ.

ಡೆಮೊ ಕ್ಲಾಸಿನಲ್ಲಿ ಏನು ನೋಡಬೇಕು?

ಡೆಮೊ ಕ್ಲಾಸು ನೋಡಬೇಡಿ. ಅದು ನಿಮಗಾಗಿ ತಯಾರಾದದ್ದು. ಮಾಮೂಲಿ ದಿನದ ಮಾಮೂಲಿ ಕ್ಲಾಸನ್ನು ಶುರುವಿನಿಂದ ಕೊನೆಯವರೆಗೆ ನೋಡಲು ಅವಕಾಶ ಕೇಳಿ. ‘ಪೋಷಕರಿಗೆ ಪ್ರವೇಶವಿಲ್ಲ’ ಅಂದರೆ ಅಲ್ಲಿಂದ ವಾಪಸ್ ಬನ್ನಿ. ದಿನಾ ಕೂರುವುದು ಬೇಡ ಅಂದರೆ ಅದು ಸರಿ, ಮಕ್ಕಳ ಗಮನ ನಮ್ಮ ಕಡೆಗೇ ಇರುತ್ತೆ. ಆದರೆ ಒಂದು ದಿನವೂ ಬೇಡ ಅಂದರೆ ಸರಿಯಲ್ಲ.

ನಾನು ಒಂದೇ ವಾರದಲ್ಲಿ ಎರಡು ಭರತನಾಟ್ಯ ಕ್ಲಾಸು ನೋಡಿದ್ದೆ. ಮೊದಲನೆಯದರಲ್ಲಿ ಗೋಡೆ ತುಂಬ ಕನ್ನಡಿ, ಎಸಿ, ಇಪ್ಪತ್ತೆಂಟು ಮಕ್ಕಳು. ಗುರುಗಳು ಮೂಲೆಯಲ್ಲಿ ಫೋನಿನಲ್ಲಿದ್ದರು, ಹೈಸ್ಕೂಲಿನ ಹುಡುಗಿಯೊಬ್ಬಳು ಹೇಳಿಕೊಡುತ್ತಿದ್ದಳು. ಹಿಂದಿನ ಸಾಲಿನ ಮಕ್ಕಳು ಮುಂದಿನವರನ್ನು ನೋಡಿಕೊಂಡು ಕೈ ಆಡಿಸುತ್ತಿದ್ದರು, ಅಷ್ಟೆ.

ಎರಡನೆಯದು ನಮ್ಮ ಮಹಡಿ ಮನೆ ಮಿಸ್ಸಿನದು. ಒಂಬತ್ತು ಮಕ್ಕಳು. ಅವರು ನೆಲದ ಮೇಲೆ ಕೂತು ಕೋಲಿನಿಂದ ಮಣೆ ತಟ್ಟುತ್ತಾ ‘ತೈಯ ತೈ’ ಹೇಳುತ್ತಿದ್ದರು. ಕೊನೆಯಲ್ಲಿದ್ದ ಪುಟ್ಟ ಹುಡುಗಿಯ ಮಂಡಿ ಒಳಗೆ ಬಾಗುತ್ತಿತ್ತು. ತಟ್ಟುವುದನ್ನು ನಿಲ್ಲಿಸಿ ಎದ್ದು ಹೋದರು. ‘ಮುಟ್ಟಲಾ ಪುಟ್ಟಿ?’ ಅಂತ ಕೇಳಿ, ಅವಳು ತಲೆಯಾಡಿಸಿದ ಮೇಲೆ ಎರಡೂ ಮಂಡಿಯನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ‘ಹೀಗೆ ಕೂತರೆ ದೊಡ್ಡವಳಾದ ಮೇಲೆ ಮಂಡಿ ನೋಯಲ್ಲ’ ಅಂದರು. ಇನ್ನು ಹತ್ತು ಸಲ ನಿಧಾನಕ್ಕೆ ಮಾಡಿಸಿದರು. ಉಳಿದ ಎಂಟು ಮಕ್ಕಳೂ ಅವಳ ಜೊತೆಗೇ ಮಾಡಿದವು. ಯಾರೂ ನಗಲಿಲ್ಲ. ನಾನು ಅಲ್ಲೇ ನಿರ್ಧಾರ ಮಾಡಿದೆ.

ಅಂದರೆ ತಪ್ಪು ಮಾಡಿದ ಮಗುವಿಗೆ ಗುರುಗಳು ಏನು ಮಾಡುತ್ತಾರೆ ಅಂತ ನೋಡಿ. ಉಳಿದದ್ದೆಲ್ಲ ಆಮೇಲೆ. ಕ್ಲಾಸು ಬಿಟ್ಟು ಹೊರಗೆ ಬರುವ ಮಕ್ಕಳ ಮುಖವನ್ನೂ ಒಂದು ಸಲ ನೋಡಿ.

ಈಜು ಸೇರಿಸುವಾಗ ಬೇರೆ ಏನಾದರೂ ನೋಡಬೇಕಾ?

ಹೌದು, ಇಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಕಲಿಸುವ ಕೋಚ್ ಬೇರೆ, ಕಾವಲಿಗೆ ನಿಲ್ಲುವ ಲೈಫ್‌ಗಾರ್ಡ್ ಬೇರೆ ಇರಬೇಕು. ಹೊಸ ಮಕ್ಕಳಿಗೆ ಕೋಚ್ ನೀರಿಗಿಳಿದು ಕಲಿಸಬೇಕು, ದಡದಿಂದ ಕೂಗುವುದಲ್ಲ. ಮಕ್ಕಳ ಕೊಳದಲ್ಲಿ ನಿಮ್ಮ ಮಗು ನಿಂತರೆ ನೀರು ಎದೆ ಮಟ್ಟಕ್ಕಿಂತ ಕೆಳಗಿರಬೇಕು. ಬಟ್ಟೆ ಬದಲಿಸುವ ಕೋಣೆಯನ್ನು ನೀವೇ ಹೋಗಿ ನೋಡಿ. ದೊಡ್ಡವರ ಬ್ಯಾಚೂ ಅದೇ ಹೊತ್ತಿಗೆ ಅದೇ ಕೋಣೆಗೆ ಬರುತ್ತಾ ಅಂತ ಕೇಳಿ. ನಮ್ಮ ಮಗನಿಗೆ ನೀರಿನ ಭಯ ಹೋಗಲು ಇಪ್ಪತ್ತು ದಿನ ಹಿಡಿಯಿತು. ಅವನ ಕೋಚ್ ಒಂದು ದಿನವೂ ಎತ್ತಿ ಎಸೆಯಲಿಲ್ಲ. ಎಸೆದರೇ ಭಯ ಹೋಗುತ್ತೆ ಅನ್ನುವವರ ಹತ್ತಿರ ಕಳಿಸಬೇಡಿ.

ಟ್ಯೂಷನ್ ಬೇಕಾ?

ಮಗುವಿಗೆ ಯಾವ ಪಾಠ ಅರ್ಥವಾಗುತ್ತಿಲ್ಲ ಅಂತ ನಿಮಗೆ ಗೊತ್ತಿದ್ದರೆ, ಆ ಪಾಠಕ್ಕೆ, ಆ ಕೆಲವು ತಿಂಗಳಿಗೆ ಬೇಕಾಗಬಹುದು. ‘ಎಲ್ಲರೂ ಹೋಗ್ತಾರೆ’ ಅಂತ ಒಂದನೇ ತರಗತಿಯಿಂದಲೇ ಎಲ್ಲ ವಿಷಯಕ್ಕೂ ಕಳಿಸುವುದು ಬೇಡ. ಶಾಲೆಯಲ್ಲಿ ಆರು ಗಂಟೆ ಕೂತು ಬಂದ ಮಗುವನ್ನು ಮತ್ತೆ ಎರಡು ಗಂಟೆ ಅದೇ ಪುಸ್ತಕದ ಮುಂದೆ ಕೂರಿಸಿದರೆ ಅದಕ್ಕೆ ಓದೇ ಬೇಸರ ಬರುತ್ತೆ.

ಎರಡು ವಿಷಯ ಎಲ್ಲರಿಗೂ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಹಾಗಾಗಿ ‘ಕ್ಲಾಸ್ ಮಿಸ್ಸೇ ಸಂಜೆ ಮನೇಲಿ ಹೇಳಿಕೊಡ್ತಾರೆ, ಅಲ್ಲಿಗೆ ಹೋದರೆ ಮಾರ್ಕ್ಸ್ ಬರುತ್ತೆ’ ಅನ್ನುವ ದಾರಿ ಹಿಡಿಯಬೇಡಿ. ಇನ್ನೊಂದು, 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದ ಒಳಗಿನವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಬರುತ್ತೆ ಅಂತ ಗ್ಯಾರಂಟಿ ಕೊಡಬಾರದು ಅಂತ ಅದರಲ್ಲಿದೆ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರ್‌ಗಳ ಬಗ್ಗೆ ಅದು ಹೇಳುತ್ತೆ. ನಾಟ್ಯ, ಆಟ, ನಾಟಕದ ಕ್ಲಾಸುಗಳು ಅದರಲ್ಲಿ ಬರುವುದಿಲ್ಲ. ಆರನೇ ತರಗತಿಯಿಂದಲೇ ನೀಟ್, ಜೆಇಇ ಫೌಂಡೇಷನ್ ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ಇದನ್ನು ನೆನಪಿಡಿ.

ಅಬಾಕಸ್, ಕೋಡಿಂಗ್ ಇವೆಲ್ಲ ಒಳ್ಳೆಯದಾ?

ಮಗುವಿಗೆ ಇಷ್ಟವಾದರೆ ಅಬಾಕಸ್ ಚೆಂದದ ಆಟ. ಮಣಿ ಸರಿಸುತ್ತಾ ಕೂಡುವ ಕಳೆಯುವ ಕೈ ಚುರುಕಾಗುತ್ತೆ. ಆದರೆ ಲೆವೆಲ್ ಮೇಲೆ ಲೆವೆಲ್ ಅಂತ ವರ್ಷಗಟ್ಟಲೆ ಎಳೆಯುತ್ತೆ, ಪ್ರತಿ ಲೆವೆಲ್‌ಗೂ ಪುಸ್ತಕ, ಕಿಟ್ ಬೇರೆ. ಎರಡು ಲೆವೆಲ್ ಆದಮೇಲೆ ಮಗುವನ್ನೇ ಕೇಳಿ. ಕೋಡಿಂಗ್‌ಗೆ ಹತ್ತು ವರ್ಷದವರೆಗೆ ಕಾಯಿರಿ. ಸ್ಕ್ರ್ಯಾಚ್ ಅನ್ನುವ ತಾಣ ಉಚಿತವಾಗಿದೆ. ಮೊದಲು ಮನೆಯಲ್ಲಿ ಅದರಲ್ಲಿ ಆಡಲಿ.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಡೇ ಕೇರ್ ಬಿಟ್ಟರೆ ದಾರಿ ಇಲ್ಲ. ಏನು ನೋಡಬೇಕು?

ತಪ್ಪು ಮಾಡುತ್ತಿದ್ದೇವೆ ಅನ್ನುವ ಕೊರಗನ್ನು ಮೊದಲು ಬಿಡಿ. ಒಳ್ಳೆಯ ಡೇ ಕೇರಿನಲ್ಲಿ ಮಕ್ಕಳು ಖುಷಿಯಾಗಿರುತ್ತಾರೆ. ನನ್ನ ಇಬ್ಬರೂ ಅಲ್ಲೇ ಬೆಳೆದವರು.

ನೋಡಬೇಕಾದದ್ದು: ಮಧ್ಯಾಹ್ನ ಮಕ್ಕಳು ಮಲಗಲು ಜಾಗ ಇದೆಯಾ? ಶೌಚಾಲಯದಲ್ಲಿ ನೀರು, ಸೋಪು ಇದೆಯಾ? ಸಂಜೆ ಐದರ ನಂತರ ಎಷ್ಟು ಜನ ಆಯಾಗಳು ಉಳಿಯುತ್ತಾರೆ? ನಿಮ್ಮ ಬಸ್ಸು ತಡವಾಗಿ ಏಳೂವರೆ ಆದರೆ ಮಗುವಿನ ಜೊತೆ ಯಾರು ಇರುತ್ತಾರೆ? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರನ್ನು ನಂಬಬಹುದು. ಟಿವಿ ಎಷ್ಟು ಹೊತ್ತು ಹಾಕುತ್ತಾರೆ ಅಂತ ಮಗುವನ್ನು ಕೇಳಿ, ಅವರನ್ನಲ್ಲ. ಆಯಾ ಅಮ್ಮಂದಿರು ಪದೇ ಪದೇ ಬದಲಾಗುವ ಕಡೆ ಮಗು ಒಗ್ಗುವುದಿಲ್ಲ. ‘ಎಷ್ಟು ವರ್ಷದಿಂದ ಇಲ್ಲಿದ್ದೀರಮ್ಮ?’ ಅಂತ ಅವರನ್ನೇ ಮಾತಾಡಿಸಿ.

ಮನೆಯಲ್ಲಿ ಅಜ್ಜಿ ತಾತ ಇದ್ದರೆ ಡೇ ಕೇರ್ ಬೇಡ ಅನ್ನಿಸಬಹುದು. ಅವರಿಂದ ಆಗುತ್ತಾ ಅಂತ ಅವರನ್ನೇ ಕೇಳಿ. ಮಂಡಿ ನೋವಿನ ಅಜ್ಜಿ ಆರು ವರ್ಷದ ಹುಡುಗನ ಹಿಂದೆ ಎಷ್ಟು ಓಡಲು ಸಾಧ್ಯ, ಅಲ್ವಾ? ವಾರದಲ್ಲಿ ಮೂರು ದಿನ ಕ್ಲಾಸು, ಎರಡು ದಿನ ಅಜ್ಜಿ ಅಂತ ಮಾಡಿಕೊಂಡವರಿದ್ದಾರೆ. ಇಬ್ಬರಿಗೂ ಹಿತ.

ಸುರಕ್ಷತೆಯ ಬಗ್ಗೆ ಹೇಗೆ ಕೇಳೋದು? ಅವರಿಗೆ ಬೇಜಾರಾಗಲ್ವಾ?

ಆಗಲಿ ಬಿಡಿ. ಒಳ್ಳೆಯವರಿಗೆ ಬೇಜಾರಾಗುವುದಿಲ್ಲ. ಕೆಲಸದವರಿಗೆಲ್ಲ ಪೊಲೀಸ್ ವೆರಿಫಿಕೇಷನ್ ಆಗಿದೆಯಾ, ಸಿಸಿಟಿವಿ ಎಲ್ಲೆಲ್ಲಿದೆ, ಮಗುವನ್ನು ಕರೆದುಕೊಂಡು ಹೋಗಲು ಬೇರೆಯವರು ಬಂದರೆ ಏನು ಮಾಡುತ್ತೀರಿ ಅಂತ ನೇರವಾಗಿ ಕೇಳಿ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರುವ ಸಂದರ್ಭವೇ ಬರಬಾರದು. ಮನೆಗೆ ಬಂದು ಸಂಗೀತ ಕಲಿಸುವ ಮೇಷ್ಟ್ರಿಗೂ ಇದೇ ಮಾತು: ನಡುಮನೆಯಲ್ಲಿ ಕಲಿಸಲಿ, ಮನೆಯವರು ಯಾರಾದರೂ ಇರಲಿ.

ಮನೆಯಲ್ಲಿ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ‘ಅಮ್ಮ ಕಳಿಸಿದ್ದಾರೆ ಬಾ’ ಅಂತ ಯಾರಾದರೂ ಬಂದರೆ ಆ ಪದ ಕೇಳಬೇಕು, ಹೇಳದಿದ್ದರೆ ಹೋಗಬಾರದು. ನಮ್ಮದು ಒಂದು ತಿಂಡಿಯ ಹೆಸರು. ಮಗ ತನ್ನ ಚಿಕ್ಕಪ್ಪನನ್ನೇ ಒಮ್ಮೆ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ್ದಾನೆ. ಅವನ ಬಗ್ಗೆ ನನಗೆ ತುಂಬ ಹೆಮ್ಮೆ ಅನ್ನಿಸಿದ ದಿನ ಅದು.

ಒಂದು ಕ್ಲಾಸಿಗೆ ಹೋಗಲು ಮಗು ಇದ್ದಕ್ಕಿದ್ದಂತೆ ಹೆದರಿದರೆ, ಅಲ್ಲಿನ ಒಬ್ಬರ ಹೆಸರು ತೆಗೆದರೆ ಮೌನವಾದರೆ, ‘ನಾಟಕ ಮಾಡಬೇಡ’ ಅನ್ನಬೇಡಿ. ಆ ದಿನ ಕಳಿಸಬೇಡಿ. ಪಕ್ಕದಲ್ಲಿ ಕೂತು ಕೇಳಿ, ಹೇಳಿದ್ದನ್ನು ನಂಬಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ. ವಿಷಯ ಗೊತ್ತಾದ ಯಾರೇ ಆದರೂ ದೂರು ಕೊಡಲೇಬೇಕು ಅಂತ ಅದು ಹೇಳುತ್ತೆ. ಸಂಸ್ಥೆಯವರು ‘ನಮ್ಮಲ್ಲೇ ಸರಿ ಮಾಡ್ಕೋತೀವಿ’ ಅಂದರೆ ಒಪ್ಪಬೇಡಿ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಶುಲ್ಕ ಕಟ್ಟುವ ಮುಂಚೆ ಏನು ಕೇಳಬೇಕು?

ತಿಂಗಳು ತಿಂಗಳು ಕಟ್ಟುವ ಕಡೆಗೆ ಹೋಗಿ. ವರ್ಷದ್ದು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅಂದರೂ ಬೇಡ. ಮೊದಲ ಮೂರು ತಿಂಗಳು ಮಗುವಿಗೆ ಹೊಂದುತ್ತಾ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಇದನ್ನು ನಾವು ಕಷ್ಟಪಟ್ಟು ಕಲಿತೆವು. ಆನ್‌ಲೈನ್ ಕೋಡಿಂಗ್ ಕ್ಲಾಸೊಂದಕ್ಕೆ ಮಗಳನ್ನು ಸೇರಿಸಿದಾಗ ‘ಸುಲಭ ಕಂತು’ ಅಂದರು. ಸಹಿ ಹಾಕಿದ ಮೇಲೆ ನೋಡಿದರೆ ಅದು ನಮ್ಮ ಹೆಸರಿನಲ್ಲಿ ತೆಗೆದ ಸಾಲ. ಎರಡು ತಿಂಗಳಿಗೆ ಮಗಳು ಬೇಡ ಅಂದಳು. ಕ್ಲಾಸು ನಿಂತಿತು, ಕಂತು ನಿಲ್ಲಲಿಲ್ಲ. ಐದು ತಿಂಗಳು ಇಮೇಲು, ಫೋನು ಅಂತ ಒದ್ದಾಡಿದೆವು. ಕೊನೆಗೆ ಅರ್ಧ ಹಣ ವಾಪಸ್ ಬಂತು. ‘ಇಎಂಐ’ ಅನ್ನುವ ಮಾತು ಕಿವಿಗೆ ಬಿದ್ದ ತಕ್ಷಣ ಸಾಲ ಕೊಡುತ್ತಿರುವವರು ಯಾರು ಅಂತ ಕೇಳಿ. ಇಂಥ ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಕೋಚಿಂಗ್ ಸೆಂಟರ್ ಆದರೆ, ಮಧ್ಯೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕು ಅಂತ ಮೇಲೆ ಹೇಳಿದ ಮಾರ್ಗಸೂಚಿಯಲ್ಲೇ ಇದೆ.

ಶುಲ್ಕದ ಜೊತೆಗೆ ಬರುವ ಖರ್ಚನ್ನೂ ಕೇಳಿ: ಸಮವಸ್ತ್ರ, ಬೆಲ್ಟ್ ಪರೀಕ್ಷೆ, ವಾರ್ಷಿಕೋತ್ಸವದ ಉಡುಪು, ಪ್ರಸಾಧನ. ನಾಟ್ಯದಲ್ಲಿ ರಂಗಪ್ರವೇಶದ, ಅಂದರೆ ಒಬ್ಬಳೇ ವೇದಿಕೆ ಮೇಲೆ ಕೊಡುವ ಮೊದಲ ಪೂರ್ಣ ಪ್ರದರ್ಶನದ ಹೊತ್ತಿಗೆ ಖರ್ಚು ಲಕ್ಷಗಳಿಗೆ ಹೋಗುವುದುಂಟು. ಅದು ಕಡ್ಡಾಯವಲ್ಲ. ರಂಗಪ್ರವೇಶ ಮಾಡದೆಯೂ ಚೆನ್ನಾಗಿ ಕಲಿತವರು ಬೇಕಾದಷ್ಟು ಜನ ಇದ್ದಾರೆ.

ಅಷ್ಟು ದುಡ್ಡಿಲ್ಲ. ಏನು ಮಾಡಬಹುದು?

ಬೇಕಾದಷ್ಟಿದೆ, ಯಾರೂ ಪಾಂಪ್ಲೆಟ್ ಹಂಚುವುದಿಲ್ಲ ಅಷ್ಟೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಜವಾಹರ ಬಾಲಭವನ ಇದೆ. ಅದರ ಪುಟಾಣಿ ರೈಲು ಎಲ್ಲರಿಗೂ ಗೊತ್ತು, ಆದರೆ ಮಕ್ಕಳಿಗೆ ಚಿತ್ರಕಲೆ, ಕರಕುಶಲ, ನೃತ್ಯದಂಥ ಚಟುವಟಿಕೆಗಳೂ ಅಲ್ಲಿ ನಡೆಯುತ್ತವೆ ಅಂತ ತುಂಬ ಜನಕ್ಕೆ ಗೊತ್ತಿಲ್ಲ. ಜಿಲ್ಲಾ ಕೇಂದ್ರದಲ್ಲಿದ್ದರೆ ಜಿಲ್ಲಾ ಕ್ರೀಡಾಂಗಣಕ್ಕೆ ಒಂದು ಸಂಜೆ ಹೋಗಿ ಬನ್ನಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಯಾವ ಆಟಕ್ಕೆ ತರಬೇತಿ ಇದೆ ಅಂತ ಹೇಳುತ್ತಾರೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಈಗ ಅದಕ್ಕೆ ‘ಅರಿವು ಕೇಂದ್ರ’ ಅನ್ನುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನನ್ನ ತಂಗಿಯ ಮಗಳು ಹಾಸನದ ಹತ್ತಿರದ ಹಳ್ಳಿಯಲ್ಲಿ ಸಂಜೆ ಅಲ್ಲಿಗೇ ಹೋಗುತ್ತಾಳೆ. ಒಂದು ರೂಪಾಯಿ ಖರ್ಚಿಲ್ಲದೆ ನನ್ನ ಮಕ್ಕಳಿಗಿಂತ ಜಾಸ್ತಿ ಕಥೆ ಪುಸ್ತಕ ಓದಿದ್ದಾಳೆ. ಕರಾವಳಿಯವರಿಗೆ ನಾನು ಹೇಳಬೇಕಿಲ್ಲ, ಊರೂರಲ್ಲೂ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಹೇಳಿಕೊಡುವವರಿದ್ದಾರೆ.

ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿಸಬೇಕಾ?

ಸಂಗೀತ, ನೃತ್ಯದಲ್ಲಿ ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳಿವೆ. ಗುರುಗಳು ತಯಾರಾಗಿದ್ದಾಳೆ ಅಂದಾಗ ಕಟ್ಟಿಸಿ. ಸರಳೆ ವರಸೆ, ಜಂಟಿ ವರಸೆಯಂಥ ಆರಂಭದ ಪಾಠ ಗಟ್ಟಿಯಾಗದೆ ಪರೀಕ್ಷೆಗೆ ಅಂತ ಕೀರ್ತನೆ ಉರು ಹೊಡೆಸುವ ಕಡೆ ಮಗುವಿನ ಶ್ರುತಿ ನಿಲ್ಲುವುದೇ ಇಲ್ಲ. ಸೇರಿಸಿದ ವರ್ಷವೇ ಪರೀಕ್ಷೆ ಅನ್ನುವವರ ಹತ್ತಿರ ಅವಸರ ಯಾಕೆ ಅಂತ ಕೇಳಿ.

ಕ್ಲಾಸಿಗೆ ಮುಂಚೆ ಏನು ತಿನ್ನಿಸಬೇಕು?

ಬಾಳೆಹಣ್ಣು, ಒಗ್ಗರಣೆ ಅವಲಕ್ಕಿ, ಚಪಾತಿಗೆ ಬೆಲ್ಲ ತುಪ್ಪ. ಆಟ, ಈಜು, ನಾಟ್ಯಕ್ಕೆ ಒಂದು ಗಂಟೆ ಮುಂಚೆ ತಿಂದಿರಲಿ. ಸಂಜೆ ಮಗುವಿನ ಅರ್ಧ ಹಟ ಹಸಿವಿನದ್ದು.

ಮಗುವಿಗೆ ಮಾತು ತಡವಾಗಿದೆ, ಅಥವಾ ಬೇರೆ ವಿಶೇಷ ಅಗತ್ಯ ಇದೆ. ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳುವವರಿದ್ದಾರೆ. ಮುಚ್ಚಿಟ್ಟು ಸೇರಿಸಬೇಡಿ. ಗುರುಗಳ ಹತ್ತಿರ ಮೊದಲೇ ಹತ್ತು ನಿಮಿಷ ಕೂತು ಮಾತಾಡಿ: ಜೋರು ಶಬ್ದಕ್ಕೆ ಹೆದರುತ್ತಾನೆ, ಹೇಳಿದ್ದು ಎರಡು ಸಲ ಹೇಳಬೇಕು, ಹೀಗೆ. ಆ ಹತ್ತು ನಿಮಿಷದಲ್ಲಿ ಅವರ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತೆ. ಯಾವ ಚಟುವಟಿಕೆ ಹೊಂದುತ್ತೆ ಅಂತ ಮಗುವನ್ನು ನೋಡುತ್ತಿರುವ ಥೆರಪಿಸ್ಟ್ ಹತ್ತಿರವೇ ಕೇಳಿ. ಇನ್ನೂ ಎಲ್ಲೂ ತೋರಿಸಿಲ್ಲ ಅಂದರೆ ಕ್ಲಾಸು ಆಮೇಲೆ. ಮೊದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದುಕೊಂಡು ಹೋಗಿ.

ಮಗು ‘ನಾನು ಬಿಡ್ತೀನಿ’ ಅಂತಿದೆ. ಬಿಡಿಸಬೇಕಾ?

ಯಾಕೆ ಅಂತ ತಿಳಿದುಕೊಳ್ಳಿ. ಮಗಳು ನಾಲ್ಕನೇ ತರಗತಿಯಲ್ಲಿ ನಾಟ್ಯ ಬಿಡ್ತೀನಿ ಅಂದಿದ್ದಳು. ಎರಡು ವಾರ ಬಿಟ್ಟು ಬಿಟ್ಟು ಕೇಳಿದ ಮೇಲೆ ವಿಷಯ ಹೊರಬಂತು. ಅವಳ ಬ್ಯಾಚಿನ ಗೆಳತಿಯರೆಲ್ಲ ಬೇರೆ ಸಮಯಕ್ಕೆ ಹೋಗಿದ್ದರು, ಇವಳು ಒಬ್ಬಳೇ ಉಳಿದಿದ್ದಳು. ಮಿಸ್ಸಿಗೆ ಹೇಳಿ ಸಮಯ ಬದಲಿಸಿದೆವು. ಮತ್ತೆ ಆ ಮಾತು ಬರಲಿಲ್ಲ.

ಬೈಗುಳ, ಹೊಡೆತ, ಭಯ ಕಾರಣವಾದರೆ ಅದೇ ದಿನ ಬಿಡಿಸಿ. ಬರೀ ಬೇಸರ ಆದರೆ ಆ ಅವಧಿ ಮುಗಿಯುವವರೆಗೆ ಹೋಗೋಣ, ಆಮೇಲೆ ನೀನೇ ಹೇಳು ಅನ್ನಿ. ಆಮೇಲೂ ಬೇಡ ಅಂದರೆ ಮಾತಿಗೆ ತಪ್ಪಬೇಡಿ. ಮಗ ಚೆಸ್ ಬಿಟ್ಟದ್ದು ಹಾಗೇ.

ಯಾವ ಕ್ಲಾಸೂ ಬೇಡ, ಸುಮ್ನೆ ಆಡಲಿ ಅಂತ ಬಿಟ್ಟರೆ?

ಆಡಲು ಜಾಗ, ಜೊತೆಗೆ ಮಕ್ಕಳು, ಒಬ್ಬ ದೊಡ್ಡವರ ಕಣ್ಣು, ಈ ಮೂರೂ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಮ್ಮ ಕಡೆ ಜಾಗವೇ ಕಷ್ಟ. ಪಾರ್ಕಿನಲ್ಲಿ ಚೆಂಡಾಟ ಆಡಬಾರದು ಅಂತ ಬೋರ್ಡು, ಬೀದಿಯಲ್ಲಿ ಎರಡೂ ಕಡೆ ಕಾರು. ಅದಕ್ಕೇ ನಾವು ನಾಲ್ಕು ಮನೆಯವರು ಮಾತಾಡಿಕೊಂಡೆವು. ಮಂಗಳವಾರ, ಗುರುವಾರ ಸಂಜೆ ಐದೂವರೆಯಿಂದ ಆರೂವರೆ ಹತ್ತಿರದ ಸರ್ಕಾರಿ ಶಾಲೆಯ ಮೈದಾನ. ಮುಖ್ಯೋಪಾಧ್ಯಾಯರನ್ನು ಕೇಳಿದೆವು, ಗೇಟು ಹಾಕಿಕೊಂಡು ಹೋಗಿ ಅಂದರು, ಅಷ್ಟೇ. ಒಂದೊಂದು ವಾರ ಒಬ್ಬೊಬ್ಬರು ಜೊತೆಗೆ ಹೋಗುತ್ತೇವೆ. ಲಗೋರಿ, ಕುಂಟೆಬಿಲ್ಲೆ, ಖೊಖೊ. ಆ ಶಾಲೆಯ ಮಕ್ಕಳೂ ಸೇರಿಕೊಳ್ಳುತ್ತಾರೆ, ಈಗ ಹದಿನಾಲ್ಕು ಜನ ಆಗಿದ್ದಾರೆ. ಮಳೆ ಬಂದರೆ ನಮ್ಮ ಮನೆ ವರಾಂಡದಲ್ಲಿ ಚೌಕಾಬಾರ. ಈ ವಾರದ ಸರದಿ ನನ್ನದು.